ತೊಗರಿಯ ದರವೂ ದೇಶದ ಲೆಕ್ಕವೂ



ಇವತ್ತು ಸಮಗ್ರ ಅರ್ಥಶಾಸ್ತ್ರದ ಮೊದಲ ಪಾಠಗಳ ಬಗ್ಗೆ ಮಾತನಾಡಬೇಕೆಂದಿದ್ದೇನೆ. ಸಮಾಜ ವಿಜ್ಞಾನದ ಪುಸ್ತಕದಲ್ಲಿ ಅರ್ಥಶಾಸ್ತ್ರ ಬರುವುದು ಇತಿಹಾಸ, ಭೂಗೋಳ ಎಲ್ಲ ಆದ ಮೇಲೆ. ಅಷ್ಟು ಹೊತ್ತಿಗೆ ಪರೀಕ್ಷೆ ಹತ್ತಿರ ಬಂದಿರುತ್ತದೆ. ರಾಷ್ಟ್ರೀಯ ಆದಾಯ ಎಂದರೇನು, ಹಣದುಬ್ಬರ ಎಂದರೇನು ಎಂದು ಎರಡೆರಡು ಸಾಲಿನ ಉತ್ತರ ಬಾಯಿಪಾಠ ಮಾಡಿ, ಬರೆದು, ಮರೆತುಬಿಡುತ್ತೇವೆ. ಬೇರೆ ಕಡೆಯ ಮಕ್ಕಳು ಹೀಗೆ ಮಾಡಿದರೆ ಒಂದು ಮಾತು. ಕಲಬುರಗಿ ನಗರದ ಮಗ್ಗುಲಲ್ಲೇ ಇರುವ ಶರಣಸಿರಸಗಿಯಂಥ ಊರಿನ ಮಕ್ಕಳು ಹೀಗೆ ಮಾಡಬಾರದು. ಈ ಶಾಸ್ತ್ರದ ಮುಖ್ಯ ಪ್ರಶ್ನೆಗಳೆಲ್ಲ ನಿಮ್ಮ ಎರೆ ಹೊಲದ ಬದುವಿನ ಮೇಲೆ ನಿಂತರೇ ಕಾಣುತ್ತವೆ.

ಒಂದು ಪ್ರಶ್ನೆಯಿಂದ ಶುರು ಮಾಡೋಣ. ತೊಗರಿ ದರ ಏರಿದರೆ ಒಳ್ಳೆಯದೋ, ಕೆಟ್ಟದ್ದೋ?

ನಾಲ್ಕು ಎಕರೆ ತೊಗರಿ ಹಾಕಿದ ಮನೆಯಲ್ಲಿ ಕೇಳಿದರೆ, ಇದೆಂಥಾ ಪ್ರಶ್ನೆ ಎಂದು ನಗುತ್ತಾರೆ. ಸಂಜೆ ಕಿರಾಣಿ ಅಂಗಡಿಯಲ್ಲಿ ಕಾಲು ಕಿಲೋ ಬ್ಯಾಳಿ ಕೇಳುವ ಕೂಲಿ ಮನೆಯ ತಾಯಿಗೆ ಅದೇ ಸುದ್ದಿ ಸಂಕಟ. ಒಂದೊಂದು ಮನೆಯನ್ನೇ ಬೇರೆ ಬೇರೆ ನೋಡಿದರೆ ಉತ್ತರ ಸಲೀಸು. ಇಬ್ಬರನ್ನೂ, ಅವರ ನಡುವಿನ ಅಡತಿಯವರನ್ನೂ, ದಾಲ್ ಮಿಲ್ಲಿನವರನ್ನೂ, ಹಮಾಲರನ್ನೂ, ಬೆಂಗಳೂರು ಚೆನ್ನೈಗಳಲ್ಲಿ ಸಾರು ಮಾಡುವವರನ್ನೂ ಒಟ್ಟಿಗೆ ಇಟ್ಟುಕೊಂಡು ಇಡೀ ದೇಶಕ್ಕೆ ಏನಾಯಿತು ಎಂದು ಕೇಳಿದಾಗ ಪ್ರಶ್ನೆ ಕಠಿಣವಾಗುತ್ತದೆ. ಆ ಕಠಿಣವಾದ ಪ್ರಶ್ನೆಗೆ ಸಮಗ್ರ ಅರ್ಥಶಾಸ್ತ್ರ ಎಂದು ಹೆಸರು.

ಮೊದಲು ಕಲಬುರಗಿಯ ಗಂಜಿಗೆ, ಅಂದರೆ ಕೃಷಿ ಮಾರುಕಟ್ಟೆಗೆ ಹೋಗೋಣ. ಡಿಸೆಂಬರ್ ಕೊನೆಯಿಂದ ಹೊಸ ತೊಗರಿ ಬರಲು ಶುರುವಾಗುತ್ತದೆ. ಸಂಕ್ರಾಂತಿಯ ಹೊತ್ತಿಗೆ ಕಾಲಿಡಲು ಜಾಗ ಇರುವುದಿಲ್ಲ. ಟ್ರ್ಯಾಕ್ಟರಿನಿಂದ ಹಮಾಲರು ಚೀಲ ಇಳಿಸುತ್ತಾರೆ. ಅಡತಿ ಅಂಗಡಿಯ ಮುಂದೆ ರಾಶಿ ಬೀಳುತ್ತದೆ. ಪ್ರತಿ ರಾಶಿಗೂ ಒಂದು ಲಾಟ್ ನಂಬರು. ಖರೀದಿದಾರರು ಬಂದು ರಾಶಿಯೊಳಗೆ ಮೊಣಕೈವರೆಗೆ ಕೈ ಹಾಕಿ ತಳದ ಕಾಳು ತೆಗೆದು ನೋಡುತ್ತಾರೆ, ಒಂದೆರಡು ಕಾಳು ಹಲ್ಲಿಗೆ ಹಾಕಿ ತೇವ ಪರೀಕ್ಷಿಸುತ್ತಾರೆ, ಆಮೇಲೆ ಕಂಪ್ಯೂಟರಿನಲ್ಲಿ ತಮ್ಮ ದರ ನಮೂದಿಸುತ್ತಾರೆ. ಮಧ್ಯಾಹ್ನಕ್ಕೆ ದರ ಗೊತ್ತಾಗುತ್ತದೆ. ರೈತನ ಕೈಗೆ ಒಂದು ಪಟ್ಟಿ ಬರುತ್ತದೆ. ಅದರಲ್ಲಿ ತೂಕ, ದರ, ಕಡಿತ, ಕೊನೆಗೆ ಕೈಗೆ ಬರುವ ಮೊತ್ತ. ಈ ಪಟ್ಟಿ ನಿಮ್ಮ ಮನೆಯಲ್ಲಿ ಇದ್ದರೆ ದಯವಿಟ್ಟು ಬಿಸಾಡಬೇಡಿ. ದೇಶದ ಆದಾಯದ ಲೆಕ್ಕ ಇಂಥ ಚೀಟಿಗಳ ಮೇಲೆಯೇ ನಿಂತಿದೆ.

ಹೇಗೆ ಅಂತೀರಾ? ಲೆಕ್ಕಕ್ಕಾಗಿ ಹೀಗೆ ಹಿಡಿಯೋಣ. ರೈತ ಒಂದು ಕ್ವಿಂಟಲ್ ತೊಗರಿಯನ್ನು 7,000 ರೂಪಾಯಿಗೆ ಮಾರಿದ. ದಾಲ್ ಮಿಲ್ಲಿನಲ್ಲಿ ಅದನ್ನು ಒಡೆದಾಗ 70-75 ಕಿಲೋ ಬೇಳೆ ಬಂತು, ಉಳಿದದ್ದು ಹೊಟ್ಟು, ಚುನ್ನಿ. ಎಲ್ಲ ಸೇರಿಸಿ ಮಿಲ್ಲಿನವರು 8,500ಕ್ಕೆ ಮಾರಿದರು. ಅಂಗಡಿಯವರು ಗಿರಾಕಿಗಳಿಗೆ ಒಟ್ಟು 10,000ಕ್ಕೆ ಮಾರಿದರು. ಈಗ ದೇಶದಲ್ಲಿ ಎಷ್ಟು ರೂಪಾಯಿಯ ಉತ್ಪಾದನೆ ಆಯಿತು? ಮೂರನ್ನೂ ಕೂಡಿಸಿ 25,500 ಎಂದರೆ ತಪ್ಪು. ಒಂದೇ ತೊಗರಿಯನ್ನು ಮೂರು ಸಲ ಎಣಿಸಿದ ಹಾಗಾಯಿತು. ರೈತ ಸೇರಿಸಿದ ಮೌಲ್ಯ 7,000 (ಬೀಜ, ಗೊಬ್ಬರದ ಲೆಕ್ಕ ಸದ್ಯ ಬದಿಗಿರಲಿ), ಮಿಲ್ಲು ಸೇರಿಸಿದ್ದು 1,500, ಅಂಗಡಿ ಸೇರಿಸಿದ್ದು 1,500. ಒಟ್ಟು 10,000. ಕೊನೆಯ ಗಿರಾಕಿ ಕೊಟ್ಟ ಹಣವೂ 10,000 ರೂಪಾಯಿಯೇ. ಆ ಹಣವೇ ಕೂಲಿಯಾಗಿ, ಗೇಣಿಯಾಗಿ, ಬಡ್ಡಿಯಾಗಿ, ಲಾಭವಾಗಿ ಹಂಚಿಹೋಗುತ್ತದೆ. ಅದನ್ನು ಕೂಡಿಸಿದರೂ 10,000. ಉತ್ಪಾದನೆಯಿಂದ ಎಣಿಸಿ, ಖರ್ಚಿನಿಂದ ಎಣಿಸಿ, ಆದಾಯದಿಂದ ಎಣಿಸಿ, ಉತ್ತರ ಒಂದೇ. ಒಂದು ವರ್ಷದಲ್ಲಿ ದೇಶದೊಳಗೆ ತಯಾರಾದ ಎಲ್ಲ ಸರಕು, ಎಲ್ಲ ಸೇವೆಗೆ ಹೀಗೆ ಲೆಕ್ಕ ಹಾಕಿದರೆ ಬರುವುದು ಒಟ್ಟು ದೇಶೀಯ ಉತ್ಪನ್ನ, ಅಂದರೆ ಜಿಡಿಪಿ.

ಒಬ್ಬರ ಖರ್ಚು ಇನ್ನೊಬ್ಬರ ಆದಾಯ. ಇವತ್ತಿನ ಮಾತಿನಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಮುಂದೆ ಮತ್ತೆ ಬೇಕಾಗುತ್ತದೆ.

ಈ ಲೆಕ್ಕದಲ್ಲಿ ಏನೇನು ಬಿಟ್ಟುಹೋಗುತ್ತದೆ ಎಂಬುದೂ ಅಷ್ಟೇ ಮುಖ್ಯ. ಮನೆ ಖರ್ಚಿಗೆಂದು ನಿಮ್ಮವರು ಜೋಳ ಇಟ್ಟುಕೊಂಡರೆ, ಮಾರದಿದ್ದರೂ ಅದರ ಬೆಲೆ ಜಿಡಿಪಿಗೆ ಸೇರುತ್ತದೆ. ಅದೇ ಜೋಳದ ಹಿಟ್ಟು ನಾದಿ ನಿಮ್ಮ ತಾಯಿ ಬಡಿದ ರೊಟ್ಟಿಯ ದುಡಿಮೆ ಸೇರುವುದಿಲ್ಲ. ಮಹಿಳಾ ಸ್ವಸಹಾಯ ಸಂಘದವರು 'ಕಲಬುರಗಿ ರೊಟ್ಟಿ' ಎಂದು ಕಟ್ಟಿ ಮಾರಿದಾಗ ಅದೇ ದುಡಿಮೆ ಸೇರುತ್ತದೆ. ಹಿಟ್ಟು ಅದೇ, ಕೈ ಅದೇ, ಒಲೆಯ ಮುಂದಿನ ಹೊತ್ತೂ ಅದೇ. ಮಾರಾಟ ಆದದ್ದನ್ನು ಅಳೆಯುವುದು ಸುಲಭ ಎಂಬುದು ಅಂಕಿಅಂಶದವರ ವಾದ, ಅದರಲ್ಲಿ ಅರ್ಥವಿದೆ. ಆದರೂ ಹೆಣ್ಣುಮಕ್ಕಳ ದುಡಿಮೆಯ ಬಹುಪಾಲು ದೇಶದ ದೊಡ್ಡ ಲೆಕ್ಕದ ಹೊರಗೇ ಉಳಿದಿದೆ ಎಂಬುದನ್ನು ನೀವು ತಿಳಿದಿರಬೇಕು. ಇನ್ನೊಂದು ಕಡೆ, ಸರ್ಕಾರದ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಖಾತೆಗೆ ಬಿದ್ದ ಮಾತ್ರಕ್ಕೆ ಜಿಡಿಪಿ ಏರುವುದಿಲ್ಲ. ಅದು ಒಂದು ಕಡೆಯಿಂದ ಇನ್ನೊಂದು ಕಡೆಗೆ ವರ್ಗವಾದ ಹಣ. ಆ ದುಡ್ಡಿನಲ್ಲಿ ಮಗಳಿಗೆ ಚಪ್ಪಲಿ ಕೊಂಡಾಗ, ಆ ಚಪ್ಪಲಿ ಲೆಕ್ಕಕ್ಕೆ ಬರುತ್ತದೆ.

ಭಾರತದಲ್ಲಿ ಈ ಲೆಕ್ಕವನ್ನು ಮೊದಲು ಹಾಕಿದವರು ದಾದಾಭಾಯಿ ನವರೋಜಿ. 1867-68ರ ಅಂಕಿಗಳನ್ನು ಹಿಡಿದು ಭಾರತೀಯನೊಬ್ಬನ ವರ್ಷದ ಸರಾಸರಿ ಆದಾಯ 20 ರೂಪಾಯಿ ಎಂದು ತೋರಿಸಿದರು. ಬ್ರಿಟಿಷ್ ಆಳ್ವಿಕೆಯಲ್ಲಿ ದೇಶ ಬಡವಾಗುತ್ತಿದೆ ಎಂದು ಬರೀ ಬಾಯಿಮಾತಲ್ಲ, ಅಂಕಿಯಿಂದ ಹೇಳಿದರು. ಅವರ ನಂತರ ಈ ಕೆಲಸವನ್ನು ಶಾಸ್ತ್ರೀಯವಾಗಿ ಮಾಡಿದವರು ವಿ. ಕೆ. ಆರ್. ವಿ. ರಾವ್. ಕೇಂಬ್ರಿಜ್‌ನಲ್ಲಿ ಅರ್ಥಶಾಸ್ತ್ರಜ್ಞ ಕೇನ್ಸ್ ಅವರ ಬಳಿ ಕಲಿತವರು. 1949ರಲ್ಲಿ ಸಂಖ್ಯಾಶಾಸ್ತ್ರಜ್ಞ ಮಹಲನೊಬಿಸ್ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಆದಾಯ ಸಮಿತಿ ರಚನೆಯಾದಾಗ ಅರ್ಥಶಾಸ್ತ್ರಜ್ಞ ಗಾಡ್ಗೀಳರ ಜೊತೆ ರಾವ್ ಅವರೂ ಸದಸ್ಯರು. 1967ರಲ್ಲಿ ಬಳ್ಳಾರಿಯಿಂದ ಲೋಕಸಭೆಗೆ ಆರಿಸಿಹೋದರು. ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯನ್ನು ಕಟ್ಟಿದರು. ಪಠ್ಯದಲ್ಲಿ ಅವರ ಹೆಸರು ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ಅದಕ್ಕಿಂತ ಹೆಚ್ಚಿನ ಗೌರವಕ್ಕೆ ಅವರು ಅರ್ಹರು.

ಈಗ ನಮ್ಮ ಕಡೆಯ ಮೂರು ವರ್ಷಗಳ ಕಥೆ ಹೇಳುತ್ತೇನೆ. ಇಡೀ ಪುಸ್ತಕದ ಪಾಠ ಅದರಲ್ಲಿದೆ.

2014, 2015 ಎರಡೂ ವರ್ಷ ಮಳೆ ಕೈಕೊಟ್ಟಿತು. 2015ರ ಅಕ್ಟೋಬರಿನಲ್ಲಿ ತೊಗರಿ ಬೇಳೆ ನಗರಗಳ ಅಂಗಡಿಗಳಲ್ಲಿ ಕಿಲೋಗೆ 200 ರೂಪಾಯಿ ಮುಟ್ಟಿತು. ಪತ್ರಿಕೆಗಳಲ್ಲಿ, ಟಿವಿಯಲ್ಲಿ ಅದೇ ಸುದ್ದಿ. ಸರ್ಕಾರ ದಾಸ್ತಾನಿಗೆ ಮಿತಿ ಹಾಕಿತು, ಆಮದಿಗೆ ಓಡಾಡಿತು. 2016ರ ಜುಲೈನಲ್ಲಿ ಆಫ್ರಿಕಾದ ಮೊಜಾಂಬಿಕ್ ಜೊತೆ ಒಪ್ಪಂದವಾಯಿತು: ಮೊದಲ ವರ್ಷ 1 ಲಕ್ಷ ಟನ್, ಏರಿಸುತ್ತ 2020-21ಕ್ಕೆ 2 ಲಕ್ಷ ಟನ್ ಬೇಳೆಕಾಳು ತರಿಸಿಕೊಳ್ಳುವುದು ಎಂದು. ಅದೇ ಮುಂಗಾರಿಗೆ ನಮ್ಮ ರೈತರೂ ದರ ನೋಡಿ ತೊಗರಿ ಬಿತ್ತಿದರು. ಉದ್ದು, ಹೆಸರು, ಹತ್ತಿ ಹಾಕುತ್ತಿದ್ದವರೂ ತೊಗರಿಗೆ ಬಂದರು. ಮಳೆ ಚೆನ್ನಾಗಿ ಆಯಿತು. ದೇಶದ ತೊಗರಿ ಉತ್ಪಾದನೆ 2015-16ರಲ್ಲಿ ಸುಮಾರು 25.6 ಲಕ್ಷ ಟನ್ ಇದ್ದದ್ದು 2016-17ರಲ್ಲಿ ಸುಮಾರು 48.7 ಲಕ್ಷ ಟನ್‌ಗೆ ಏರಿತು. ಆ ವರ್ಷಕ್ಕೆ ಸರ್ಕಾರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 5,050. ಮಾರುಕಟ್ಟೆಯ ದರ ಅದಕ್ಕಿಂತಲೂ ಕೆಳಗಿಳಿಯಿತು. ಖರೀದಿ ಕೇಂದ್ರಗಳ ಮುಂದೆ ಸಾಲು ಹತ್ತಿತು. ವಿದೇಶಿ ತೊಗರಿಗೆ ವರ್ಷಕ್ಕೆ 2 ಲಕ್ಷ ಟನ್‌ನ ಮಿತಿ ಹಾಕಿದ್ದು 2017ರ ಆಗಸ್ಟಿನಲ್ಲಿ. ಅಷ್ಟು ಹೊತ್ತಿಗೆ ಇಲ್ಲಿಯ ಸಣ್ಣ ರೈತರು ತಮ್ಮ ಮಾಲನ್ನು ಮಾರಿ ಕೈ ತೊಳೆದುಕೊಂಡಾಗಿತ್ತು.

ಈ ಕಥೆಯಿಂದ ಮೊದಲು ಒಂದು ಸಣ್ಣ ಲೆಕ್ಕ. ದುಂಡಗಿನ ದರ ಹಿಡಿಯೋಣ: ಅಭಾವದ ವರ್ಷ ಕ್ವಿಂಟಲ್‌ಗೆ 10,000, ಸುಗ್ಗಿಯ ವರ್ಷ 5,000. ಅಭಾವದ ವರ್ಷದ ಬೆಳೆಯ ಬೆಲೆ ದೇಶಕ್ಕೆ 25,600 ಕೋಟಿ ರೂಪಾಯಿ. ಸುಗ್ಗಿಯ ವರ್ಷದ್ದು 24,350 ಕೋಟಿ. ರೂಪಾಯಿಯಲ್ಲಿ ನೋಡಿದರೆ ತೊಗರಿ ಉತ್ಪಾದನೆ ಕುಸಿಯಿತು ಎನ್ನಬೇಕು! ಕಾಳಿನಲ್ಲಿ ನೋಡಿದರೆ ಹತ್ತಿರಹತ್ತಿರ ಎರಡು ಪಟ್ಟಾಯಿತು. ಅದಕ್ಕೇ ಎರಡು ಬಗೆಯ ಜಿಡಿಪಿ. ಆಯಾ ವರ್ಷದ ದರದಲ್ಲೇ ಹಾಕಿದ ಲೆಕ್ಕ ಚಾಲ್ತಿ ಬೆಲೆಯ ಜಿಡಿಪಿ. ಒಂದು ವರ್ಷವನ್ನು ಆಧಾರವಾಗಿ ಹಿಡಿದು, ಅದೇ ದರದಲ್ಲಿ ಎಲ್ಲ ವರ್ಷಗಳನ್ನೂ ಅಳೆದದ್ದು ಸ್ಥಿರ ಬೆಲೆಯ ಜಿಡಿಪಿ. ದೇಶ ಇಷ್ಟು ಶೇಕಡಾ ಬೆಳೆಯಿತು ಎಂದು ಸುದ್ದಿಯಲ್ಲಿ ಹೇಳುವುದು ಈ ಎರಡನೆಯದರ ಬಗ್ಗೆ.

ಇನ್ನು ದೊಡ್ಡ ಪಾಠ. 2016ರಲ್ಲಿ ತೊಗರಿ ಬಿತ್ತಿದ ಪ್ರತಿಯೊಬ್ಬ ರೈತನೂ ಬುದ್ಧಿವಂತಿಕೆಯ ಕೆಲಸವನ್ನೇ ಮಾಡಿದ್ದ. ದರ ಇದ್ದ ಬೆಳೆ ಹಾಕುವುದು ತಪ್ಪೇ? ಒಬ್ಬನೇ ಹಾಕಿದ್ದರೆ ಗೆಲ್ಲುತ್ತಿದ್ದ. ಎಲ್ಲರೂ ಹಾಕಿದ್ದರಿಂದ ಎಲ್ಲರೂ ಸೋತರು. ಒಬ್ಬನಿಗೆ ಸರಿಯಾದದ್ದು ಎಲ್ಲರಿಗೂ ಸೇರಿಸಿದಾಗ ಸರಿಯಾಗಿರಬೇಕೆಂದಿಲ್ಲ. ಸಮಗ್ರ ಅರ್ಥಶಾಸ್ತ್ರ ಒಂದು ಪ್ರತ್ಯೇಕ ಶಾಸ್ತ್ರವಾಗಿ ನಿಂತಿರುವುದು ಈ ಸತ್ಯದ ಮೇಲೆ. 1929ರ ನಂತರದ ಮಹಾಕುಸಿತದಲ್ಲಿ ಅಮೆರಿಕ, ಯುರೋಪುಗಳ ಜನ ಭಯಬಿದ್ದು ಖರ್ಚು ಬಿಗಿಹಿಡಿದರು. ಒಂದು ಮನೆಗೆ ಅದು ಜಾಣತನ. ಎಲ್ಲರೂ ಬಿಗಿಹಿಡಿದಾಗ, ಒಬ್ಬರ ಖರ್ಚು ಇನ್ನೊಬ್ಬರ ಆದಾಯವಲ್ಲವೇ, ಎಲ್ಲರ ಆದಾಯವೂ ಬತ್ತಿತು. ಕಾರ್ಖಾನೆ ಮುಚ್ಚಿದವು, ಕೋಟಿಗಟ್ಟಲೆ ಜನ ಕೆಲಸ ಕಳೆದುಕೊಂಡರು. ಇಂಥ ಹೊತ್ತಿನಲ್ಲಿ ಸರ್ಕಾರ ಖರ್ಚು ಮಾಡಬೇಕು ಎಂದು ಕೇನ್ಸ್ 1936ರ ತಮ್ಮ ಗ್ರಂಥದಲ್ಲಿ ವಾದಿಸಿದರು.

ಕೇನ್ಸ್ ಹೇಳಿದ್ದನ್ನು ಕಲಬುರಗಿಯ ವ್ಯಾಪಾರಿಗಳು ಪುಸ್ತಕ ಓದದೆಯೇ ಬಲ್ಲರು. ತೊಗರಿ ಕೈಹಿಡಿದ ವರ್ಷ ಫೆಬ್ರುವರಿಯಿಂದ ನಗರದ ಸೂಪರ್ ಮಾರ್ಕೆಟ್ ಪ್ರದೇಶದ ಬಟ್ಟೆ ಅಂಗಡಿಗಳಲ್ಲಿ ಮದುವೆ ಜವಳಿಯ ಗದ್ದಲ. ಬಟ್ಟೆ ಅಂಗಡಿಯ ಗುಮಾಸ್ತನ ಕೈಯಲ್ಲಿ ಹಣ ಆಡಿದರೆ ಅವನು ಮನೆಗೆ ಬಣ್ಣ ಹೊಡೆಸುತ್ತಾನೆ. ಬಣ್ಣ ಹೊಡೆದವನು ಮಗನಿಗೆ ಸೈಕಲ್ ಕೊಡಿಸುತ್ತಾನೆ. ಕೈಗೆ ಬಂದ ಪ್ರತಿ ರೂಪಾಯಿಯಲ್ಲಿ ಮುಕ್ಕಾಲು ಪಾಲು ಖರ್ಚಾದರೆ, ಮೊದಲ 100 ರೂಪಾಯಿ ಸುತ್ತಿ ಸುತ್ತಿ ಒಟ್ಟು 400 ರೂಪಾಯಿಯ ಆದಾಯವಾಗುತ್ತದೆ. 100, 75, 56.25 ಎಂದು ಬರೆಯುತ್ತ ಹೋಗಿ ಕೂಡಿಸಿ ನೋಡಿ. ಗಣಿತದ ಗುಣೋತ್ತರ ಶ್ರೇಢಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಇದಕ್ಕೆ ಗುಣಕ ಎಂದು ಹೆಸರು. ತೊಗರಿಗೆ ನೆಟೆರೋಗ ಬಿದ್ದ ವರ್ಷ ಇದೇ ಸರಪಳಿ ಹಿಂದುಮುಂದಾಗಿ ಓಡುತ್ತದೆ. ಹೊಲವೇ ಇಲ್ಲದ ಆಟೋ ಚಾಲಕನಿಗೂ ಆ ರೋಗ ತಟ್ಟುತ್ತದೆ.

ಆದರೆ ನಿಜ ಜೀವನದಲ್ಲಿ ನಮ್ಮ ಜಿಲ್ಲೆಯ ಗುಣಕ ನಾಲ್ಕರ ಹತ್ತಿರವೂ ಬರುವುದಿಲ್ಲ. ಹಣ ಸೋರಿಹೋಗುತ್ತದೆ. ಸೈಕಲ್ ತಯಾರಾದದ್ದು ಲೂಧಿಯಾನದಲ್ಲಿ, ಮೊಬೈಲ್ ಬಂದದ್ದು ಎಲ್ಲಿಂದಲೋ, ಬಟ್ಟೆ ಸೂರತ್ತಿನದು. ಹಿಂದೆ ಕಲಬುರಗಿಯಲ್ಲಿ ಮೆಹಬೂಬ್ ಶಾಹಿ ಗಿರಣಿ ಬಟ್ಟೆ ನೇಯುತ್ತಿತ್ತು, ಆ ಎಂ.ಎಸ್.ಕೆ. ಮಿಲ್ ಎಂಬುದು ಈಗ ಬಡಾವಣೆಯ ಹೆಸರಾಗಿ ಉಳಿದಿದೆ. ಹಣವನ್ನು ಇಲ್ಲೇ ಉಳಿಸಿಕೊಳ್ಳುವ ದಾರಿಯೂ ಇದೆ. ನಮ್ಮ ಜಿಲ್ಲೆಯ ಕಮಲಾಪುರದ ಕೆಂಪು ಬಾಳೆಗೂ, ಕಲಬುರಗಿಯ ತೊಗರಿ ಬೇಳೆಗೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಬಾಳೆಗೆ 2009ರಲ್ಲಿ, ಬೇಳೆಗೆ 2019ರಲ್ಲಿ. ಒಳ್ಳೆಯದೇ. ಮಾನ್ಯತೆಯ ಪತ್ರದಿಂದ ಆದಾಯ ಬರುವುದು, ಕಾಳನ್ನು ಬೇಳೆ ಮಾಡಿ, ಕಟ್ಟಿ, ಹೆಸರು ಹಚ್ಚಿ ಮಾರುವ ಕೆಲಸ ಈ ಜಿಲ್ಲೆಯಲ್ಲೇ ನಡೆದಾಗ. ಮೊದಲು ಹೇಳಿದ 1,500, 1,500ರ ಲೆಕ್ಕ ನೆನಪಿಸಿಕೊಳ್ಳಿ. ಆ ಮೌಲ್ಯ ಎಲ್ಲಿ ಸೇರುತ್ತದೋ ಅಲ್ಲಿ ಕೆಲಸ ಇರುತ್ತದೆ.

ಈಗ ಹಣದುಬ್ಬರ. ಬೆಲೆ ಏರಿತು ಎಂದು ಎಲ್ಲರೂ ಹೇಳುತ್ತಾರೆ, ಆದರೆ ಯಾವುದರ ಬೆಲೆ? ಒಂದು ಏರಿದರೆ ಒಂದು ಇಳಿದಿರುತ್ತದೆ. ಅದಕ್ಕಾಗಿ ಒಂದು ಸಾಮಾನ್ಯ ಸಂಸಾರ ಏನೇನು ಕೊಳ್ಳುತ್ತದೆ ಎಂದು ಪಟ್ಟಿ ಮಾಡಿ, ಖರ್ಚಿನಲ್ಲಿ ಯಾವುದಕ್ಕೆ ಎಷ್ಟು ಪಾಲು ಎಂದು ತೂಕ ಕೊಟ್ಟು, ಗ್ರಾಹಕ ಬೆಲೆ ಸೂಚ್ಯಂಕ ಮಾಡುತ್ತಾರೆ. 2012ನ್ನು ಆಧಾರ ವರ್ಷವಾಗಿಟ್ಟ ಸೂಚ್ಯಂಕದಲ್ಲಿ ನೂರಕ್ಕೆ ಸುಮಾರು 46 ಪಾಲು ತಿನ್ನುವ, ಕುಡಿಯುವ ಪದಾರ್ಥಗಳದಾಗಿತ್ತು. ಬೇಳೆಕಾಳುಗಳ ಪಾಲು 2.38. ಇಷ್ಟೇನಾ ಎನಿಸಬಹುದು. 2015ರ ಕೊನೆಯಲ್ಲಿ ಬೇಳೆಕಾಳು ಹಿಂದಿನ ವರ್ಷಕ್ಕಿಂತ ಶೇ 40ಕ್ಕೂ ಹೆಚ್ಚು ತುಟ್ಟಿಯಾಗಿದ್ದವು. 2.38ರ ಶೇ 40 ಎಂದರೆ ಹೆಚ್ಚುಕಡಿಮೆ ಒಂದು. ಆಗ ಒಟ್ಟು ಹಣದುಬ್ಬರ ಶೇ 5ರ ಆಸುಪಾಸು. ಅಂದರೆ ಐದರಲ್ಲಿ ಒಂದು ಪಾಲು ಬೇಳೆಯಿಂದಲೇ. ದೆಹಲಿಯ ಕಚೇರಿಗಳು ನಮ್ಮ ತೊಗರಿಯ ಮೇಲೆ ಇಷ್ಟೊಂದು ಕಣ್ಣಿಡುವುದು ಅದಕ್ಕೆ.

ಇದರ ಇನ್ನೊಂದು ಮುಖ 2025ರಲ್ಲಿ ಕಂಡಿತು. ಆ ಅಕ್ಟೋಬರಿನಲ್ಲಿ ದೇಶದ ಚಿಲ್ಲರೆ ಹಣದುಬ್ಬರ ಶೇ 0.25ಕ್ಕೆ ಇಳಿಯಿತು, ಈ ಸೂಚ್ಯಂಕ ಶುರುವಾದಾಗಿನಿಂದ ಅಷ್ಟು ಕಡಿಮೆ ಆಗಿದ್ದೇ ಇರಲಿಲ್ಲ. ಕಾರಣಗಳಲ್ಲಿ ತರಕಾರಿಯ ಜೊತೆಗೆ ಬೇಳೆಕಾಳೂ ಇತ್ತು, ಹಿಂದಿನ ವರ್ಷಕ್ಕಿಂತ ಶೇ 16ರಷ್ಟು ಅಗ್ಗ. ತೊಗರಿಯ ಸುಂಕರಹಿತ ಆಮದು 2026ರ ಮಾರ್ಚ್‌ವರೆಗೆ ಮುಂದುವರಿದಿತ್ತು. 2024-25ರ ಬೆಂಬಲ ಬೆಲೆ 7,550 ಇದ್ದರೂ ಮಾರುಕಟ್ಟೆಯಲ್ಲಿ ದರ ಅದಕ್ಕಿಂತ ಕೆಳಗೆ ಓಡಾಡುತ್ತಿತ್ತು. 2025ರ ಸೆಪ್ಟೆಂಬರಿನಲ್ಲಿ ಭೀಮೆ ಉಕ್ಕಿ ಕಲಬುರಗಿ ಜಿಲ್ಲೆಯಲ್ಲಿ ನಿಂತ ಬೆಳೆ ನೀರುಪಾಲಾಗಿತ್ತು. ಬೆಳೆ ಹೋದರೆ ದರವಾದರೂ ಸಿಗುತ್ತದೆ ಎಂಬ ಹಳೆಯ ಸಮಾಧಾನವೂ ಆ ಸಲ ಇರಲಿಲ್ಲ.

ಹಣದುಬ್ಬರ ಇಳಿದದ್ದರ ಲಾಭ ಯಾರಿಗಾಯಿತು ಎಂದೂ ನೋಡಬೇಕು, ನ್ಯಾಯವಾಗಿ ನೋಡಬೇಕು. ಕೂಲಿ ಮನೆಯ ಬ್ಯಾಳಿ ಅಗ್ಗವಾಯಿತು, ಅದು ಸಣ್ಣ ಮಾತಲ್ಲ. ಕಾನೂನಿನ ಪ್ರಕಾರ ರಿಸರ್ವ್ ಬ್ಯಾಂಕ್ ಹಣದುಬ್ಬರವನ್ನು ಶೇ 4ರ ಹತ್ತಿರ, 2ರಿಂದ 6ರ ನಡುವೆ ಇಡಬೇಕು. 2016ರಿಂದ ಈ ವ್ಯವಸ್ಥೆ ಇದೆ. ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿ, ಅಂದರೆ ರೆಪೊ ದರ, ಅದರ ಕೈಯಲ್ಲಿರುವ ಮುಖ್ಯ ಹತ್ಯಾರ. 2025ರ ಆರಂಭದಲ್ಲಿ ಶೇ 6.50 ಇದ್ದ ರೆಪೊ ದರ ಡಿಸೆಂಬರಿಗೆ ಶೇ 5.25ಕ್ಕೆ ಇಳಿಯಿತು. ಬೆಂಗಳೂರಿನಲ್ಲಿ ಮನೆ ಸಾಲ ತೆಗೆದವರ ಕಂತು ಹಗುರವಾಯಿತು. ಆ ಹಗುರಾಗುವಿಕೆಯಲ್ಲಿ ಅಗ್ಗದ ತೊಗರಿಯ ಪಾಲೂ ಇದೆ. ನನ್ನ ಅಭಿಪ್ರಾಯ ಸ್ಪಷ್ಟವಾಗಿ ಹೇಳುತ್ತೇನೆ. ಬೆಲೆ ಏರಿದಾಗ ವಾರದೊಳಗೆ ಓಡಾಡುವ ಆಡಳಿತ, ಬೆಲೆ ಬಿದ್ದಾಗ ತಿಂಗಳುಗಟ್ಟಲೆ ತಡ ಮಾಡುತ್ತದೆ. ಸೂಚ್ಯಂಕದಲ್ಲಿ ತೊಗರಿ ಬರೀ ಖರ್ಚಿನ ಬಾಬು. ನಮ್ಮ ಜಿಲ್ಲೆಯ ಲಕ್ಷಾಂತರ ಜನರಿಗೆ ಅದು ಆದಾಯ. ಎರಡನ್ನೂ ಒಟ್ಟಿಗೆ ನೋಡದ ಲೆಕ್ಕ ಅರ್ಧ ಲೆಕ್ಕ.

ದುಡ್ಡಿನ ವಿಷಯಕ್ಕೆ ಬಂದರೆ ಕಲಬುರಗಿಯಷ್ಟು ಅನುಭವ ಇರುವ ಊರುಗಳು ಕಡಿಮೆ. 1347ರಲ್ಲಿ ಹುಟ್ಟಿದ ಬಹಮನಿ ರಾಜ್ಯಕ್ಕೆ ಈ ಊರು ರಾಜಧಾನಿಯಾಗಿತ್ತು. ಎರಡನೆಯ ಸುಲ್ತಾನ ಮೊದಲನೆಯ ಮಹಮ್ಮದ್ ಷಾ ತನ್ನದೇ ಚಿನ್ನದ ನಾಣ್ಯ ಹೊರಡಿಸಿದಾಗ, ಇಲ್ಲಿಯ ಸರಾಫರು ಅವನ್ನು ಕರಗಿಸಿ ಹಾಕುತ್ತಿದ್ದರು, ಬಜಾರದಲ್ಲಿ ಹಳೆಯ ಹೊನ್ನು, ಹಣಗಳೇ ಓಡಾಡುವಂತೆ ಮಾಡುತ್ತಿದ್ದರು ಎಂದು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಸುಲ್ತಾನ ಅವರಿಗೆ ಮರಣದಂಡನೆ ವಿಧಿಸಿದನಂತೆ. ನಾಣ್ಯದ ಮೇಲೆ ಮುದ್ರೆ ಒತ್ತಿದ ಮಾತ್ರಕ್ಕೆ ಅದು ಹಣವಾಗುವುದಿಲ್ಲ. ಕೊಡುವವನೂ ತಗೊಳ್ಳುವವನೂ ಒಪ್ಪಬೇಕು.

ಅದಕ್ಕಿಂತ ಹತ್ತಿರದ್ದು ಹಾಲಿ ಸಿಕ್ಕದ ಕಥೆ. ಕಲಬುರಗಿ ಆಗ ಹೈದರಾಬಾದ್ ಸಂಸ್ಥಾನದಲ್ಲಿತ್ತು. ನಿಜಾಮರಿಗೆ ಹಾಲಿ ಸಿಕ್ಕ ಎಂಬ ತಮ್ಮದೇ ನಾಣ್ಯ, 1918ರಿಂದ ತಮ್ಮದೇ ನೋಟು. ಬ್ರಿಟಿಷ್ ಭಾರತದ ರೂಪಾಯಿಗೆ ನಮ್ಮ ಹಿರಿಯರು ಕಲ್ದಾರ್ ಎನ್ನುತ್ತಿದ್ದರು. ಸ್ಥೂಲವಾಗಿ ಏಳು ಹಾಲಿ ರೂಪಾಯಿಗೆ ಆರು ಕಲ್ದಾರ್. ಸೊಲ್ಲಾಪುರ ಮುಂಬೈ ಪ್ರಾಂತ್ಯದ್ದು. ಅಲ್ಲಿ ಹತ್ತಿ, ಕಾಳು ಮಾರಿದ ರೈತ ಕಲ್ದಾರ್ ತಂದು ಊರಲ್ಲಿ ಹಾಲಿಗೆ ಬದಲಾಯಿಸಬೇಕು. ಅಲ್ಲಿ 60 ರೂಪಾಯಿಗೆ ಮಾರಿದ್ದು ಇಲ್ಲಿ 70 ರೂಪಾಯಿ. ಅಲ್ಲಿಂದ ಬಟ್ಟೆ ಕೊಂಡು ತಂದರೆ, 60ರ ಬಟ್ಟೆಗೆ ಇಲ್ಲಿಯ 70 ಬಿಚ್ಚಬೇಕು. ಇವತ್ತು ಡಾಲರಿಗೆ ಇಷ್ಟು ರೂಪಾಯಿ ಎಂಬ ಸುದ್ದಿ ಬಂದಾಗ ಗೊಂದಲವಾದರೆ ಈ ಏಳಕ್ಕೆ ಆರನ್ನು ನೆನೆಯಿರಿ. ರೂಪಾಯಿ ಇಳಿದರೆ ಹೊರಗೆ ಮಾರುವವನಿಗೆ ಅನುಕೂಲ, ಹೊರಗಿಂದ ಕೊಳ್ಳುವವನಿಗೆ ಭಾರ. 1948ರ ಸೆಪ್ಟೆಂಬರ್ 17ರಂದು ಸಂಸ್ಥಾನ ಭಾರತಕ್ಕೆ ಸೇರಿದ ನಂತರವೂ ಹಾಲಿ ಸಿಕ್ಕ ಕೂಡಲೇ ಹೋಗಲಿಲ್ಲ, ಚಲಾವಣೆ ಪೂರ್ತಿ ನಿಂತದ್ದು 1959ರಲ್ಲಿ. ಆ ಹಣದ ವ್ಯವಹಾರ ನೋಡಿಕೊಳ್ಳಲೆಂದು 1941ರಲ್ಲಿ ಸ್ಥಾಪನೆಯಾದ ಹೈದರಾಬಾದ್ ಸ್ಟೇಟ್ ಬ್ಯಾಂಕ್ ಮುಂದೆ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಆಗಿ, 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ನಿಮ್ಮ ಅಜ್ಜನ ಹಳೆಯ ಪಾಸ್‌ಬುಕ್ಕಿನ ಮೇಲೆ ಆ ಹೆಸರು ಇರಬಹುದು.

ಇನ್ನು ತಲಾದಾಯ. ಒಟ್ಟು ಆದಾಯವನ್ನು ಜನಸಂಖ್ಯೆಯಿಂದ ಭಾಗಿಸಿದರೆ ಬರುವ ಸರಾಸರಿ. ರಾಜ್ಯ ಸರ್ಕಾರದ ಆರ್ಥಿಕ ಸಮೀಕ್ಷೆಗಳಲ್ಲಿ ಜಿಲ್ಲಾವಾರು ಪಟ್ಟಿ ಇರುತ್ತದೆ. ಬೆಂಗಳೂರು ನಗರ ಜಿಲ್ಲೆ ಅದರ ನೆತ್ತಿಯಲ್ಲಿ, ಕಲಬುರಗಿ ಬುಡದಲ್ಲಿ. ನಡುವಿನ ಅಂತರ ಹಲವು ಪಟ್ಟು. ಪ್ರಾದೇಶಿಕ ಅಸಮತೋಲನ ಅಳೆಯಲು ರಚಿಸಿದ ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ, ಅತ್ಯಂತ ಹಿಂದುಳಿದವು ಎಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ 21 ಅಂದಿನ ಗುಲಬರ್ಗಾ ವಿಭಾಗದವು. ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371(ಜೆ) ವಿಧಿ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, ಅದಕ್ಕೆ 2023-24ರ ಬಜೆಟ್ಟಿನಲ್ಲಿ ಘೋಷಿಸಿದ 5,000 ಕೋಟಿ, ಎಲ್ಲದರ ಹಿಂದೆ ಈ ಅಂಕಿಗಳಿವೆ. ಅಳೆದಿದ್ದರಿಂದಲೇ ಕೇಳಲು ಬಂತು.

ನಿರುದ್ಯೋಗದ ಬಗ್ಗೆ ನಿಮಗೆ ಹೆಚ್ಚು ವಿವರಿಸಬೇಕಾಗಿಲ್ಲ. ರಾಶಿ ಮುಗಿದ ಮೇಲೆ ಮುಂಗಾರಿನವರೆಗೆ ಕೆಲಸವಿಲ್ಲದೆ ಪುಣೆ, ಮುಂಬೈ, ಹೈದರಾಬಾದಿಗೆ ಗುಳೆ ಹೋಗುವ ಮನೆಗಳ ಮಕ್ಕಳು ಪ್ರತಿ ತರಗತಿಯಲ್ಲೂ ಒಬ್ಬಿಬ್ಬರಾದರೂ ಇದ್ದಾರೆ. ಪುಸ್ತಕ ಅದನ್ನು ಋತುಮಾನದ ನಿರುದ್ಯೋಗ ಎನ್ನುತ್ತದೆ. ಇಬ್ಬರಿಂದ ಆಗುವ ಹೊಲದ ಕೆಲಸಕ್ಕೆ ಐವರು ನಿಂತಿದ್ದರೆ ಮರೆಮಾಚಿದ ನಿರುದ್ಯೋಗ. ಇಂಥವರಿಗೆ ಊರಲ್ಲೇ ಕೆಲಸ ಕೊಡಲೆಂದು ಬಂದ ಉದ್ಯೋಗ ಖಾತರಿ ಯೋಜನೆ 2006ರಲ್ಲಿ ದೇಶದ 200 ಜಿಲ್ಲೆಗಳಲ್ಲಿ ಶುರುವಾದಾಗ, ರಾಜ್ಯದ ಮೊದಲ ಐದು ಜಿಲ್ಲೆಗಳಲ್ಲಿ ನಮ್ಮದೂ ಒಂದಾಗಿತ್ತು.

ಮಿತ್ರರೇ, ಒಂದು ಕೆಲಸ ಹೇಳಿ ಮುಗಿಸುತ್ತೇನೆ. ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಳ್ಳಿ. ಪ್ರತಿ ಭಾನುವಾರ ನಿಮ್ಮೂರ ಅಂಗಡಿಯಲ್ಲಿ ತೊಗರಿ ಬೇಳೆ, ಜೋಳ, ಎಣ್ಣೆ, ಸಕ್ಕರೆ, ಸೋಪು, ಉಳ್ಳಾಗಡ್ಡಿಯ ದರ ಬರೆದುಕೊಳ್ಳಿ. ಎದುರು ಪುಟದಲ್ಲಿ ಅದೇ ವಾರ ಗಂಜಿನಲ್ಲಿ ಕ್ವಿಂಟಲ್ ತೊಗರಿಗೆ ಸಿಕ್ಕ ದರ, ಹೊಲದ ಕೂಲಿ ಎಷ್ಟು ಎಂದು ಬರೆಯಿರಿ. ಮನೆಯಲ್ಲಿ ಯಾವುದಕ್ಕೆ ಎಷ್ಟು ಖರ್ಚಾಗುತ್ತದೆ ಎಂದು ತಾಯಿಯನ್ನು ಕೇಳಿ ತೂಕ ಹಾಕಿ. ಒಂದು ವರ್ಷದಲ್ಲಿ ಶರಣಸಿರಸಗಿಗೆ ತನ್ನದೇ ಬೆಲೆ ಸೂಚ್ಯಂಕ ಇರುತ್ತದೆ, ಮತ್ತು ಅದರ ಎದುರಿಗೇ ತನ್ನದೇ ಆದಾಯದ ಪುಟವೂ ಇರುತ್ತದೆ. ಕಮಲಾಪುರದ ಮಕ್ಕಳು ತೊಗರಿಯ ಜೊತೆ ಕೆಂಪು ಬಾಳೆಯ ದರವನ್ನೂ ಸೇರಿಸಿಕೊಳ್ಳಿ. ಲೆಕ್ಕ ಎಲ್ಲಿ ತೊಡಕಾಗುತ್ತದೋ ಅಲ್ಲಿ ನಿಮ್ಮ ಗಣಿತದ ಮೇಷ್ಟ್ರನ್ನು ಕೇಳಿ. ಮುಂದಿನ ಭಾನುವಾರದಿಂದಲೇ ಶುರು ಮಾಡಿ.